ಪೇಪರಿನ ಶೇಕಡಾ ನಿಮ್ಮ ಮನೆಯದ್ದಲ್ಲ

‘ಸಾರ್, ಮನೆ ಬೆಲೆ ಶೇ. 9 ಏರಿದೆಯಂತೆ. ಹೋದ ವರ್ಷ ನೀವು ಬರೆದುಕೊಟ್ಟ ಮೊತ್ತಕ್ಕೆ ಅಷ್ಟು ಕೂಡಿಸಿ ಒಂದು ಸಹಿ ಹಾಕಿಕೊಡಿ.’

ಮನೆಗಳ ಬೆಲೆ ಕಟ್ಟುವುದೇ ನನ್ನ ಕಸುಬು. ಈ ಮಾತು ಆಗಾಗ ಕಿವಿಗೆ ಬೀಳುತ್ತಲೇ ಇರುತ್ತದೆ. ಕೂಡಿಸೋದೇನೂ ಕಷ್ಟವಲ್ಲ. ಆದರೆ ಆ ಶೇ. 9 ನಿಮ್ಮ ಮನೆಯದ್ದಲ್ಲ, ಅಲ್ವಾ?

ದೇಶದ ಮನೆಗಳ ಸರಾಸರಿ ಬೆಲೆ ಅಂತ ಸುದ್ದಿಯಲ್ಲಿ ಬರುವುದು ಸಾಮಾನ್ಯವಾಗಿ ಆ ತಿಂಗಳೋ ವರ್ಷವೋ ಮಾರಾಟವಾದ ಮನೆಗಳ ಸರಾಸರಿ. ಮಾರಾಟವಾದವುಗಳದ್ದು ಮಾತ್ರ. ಬಾಯಲ್ಲಿ ಹೇಳಿದರೆ ಯಾರಿಗೂ ನಾಟುವುದಿಲ್ಲ, ಲೆಕ್ಕವನ್ನೇ ತೋರಿಸುತ್ತೇನೆ.

ಹೋದ ವರ್ಷ ಹತ್ತು ಮನೆ ಮಾರಿದವು ಅಂದುಕೊಳ್ಳಿ. ಎಂಟು ಚಿಕ್ಕವು, ತಲಾ 30 ಲಕ್ಷ. ಎರಡು ದೊಡ್ಡವು, ತಲಾ 100 ಲಕ್ಷ. ಸರಾಸರಿ 44. ಈ ವರ್ಷ ಸಾಲದ ಬಡ್ಡಿ ಏರಿತು, ಎಲ್ಲ ಮನೆಗಳ ಬೆಲೆಯೂ ಶೇ. 10 ಇಳಿಯಿತು. ಚಿಕ್ಕದು 27, ದೊಡ್ಡದು 90. ಮೊದಲ ಸಲ ಮನೆ ಕೊಳ್ಳಲು ಹೊರಟವರು ಕಂತಿನ ಲೆಕ್ಕ ನೋಡಿ ಹಿಂದೆ ಸರಿದರು. ಕೈಯಲ್ಲಿ ದುಡ್ಡಿದ್ದವರು ಕೊಂಡರು. ಹೀಗಾಗಿ ಮಾರಿದ್ದು ಮೂರು ಚಿಕ್ಕವು, ಮೂರು ದೊಡ್ಡವು. ಈಗ ಸರಾಸರಿ 58.5. ಪ್ರತಿಯೊಂದು ಮನೆಯೂ ಅಗ್ಗವಾಗಿದೆ, ಸರಾಸರಿ ಮಾತ್ರ ಸುಮಾರು ಶೇ. 33 ಮೇಲೆ! ಯಾರೂ ಸುಳ್ಳು ಹೇಳಿಲ್ಲ. ಲೆಕ್ಕಕ್ಕೆ ಬಂದ ಮನೆಗಳು ಬೇರೆ, ಅಷ್ಟೇ.

ಇದು ಬರೀ ಹಾಳೆಯ ಮೇಲಿನ ಆಟ ಅಂದುಕೊಳ್ಳಬೇಡಿ. ಕೆನಡಾದಲ್ಲಿ ಟೊರಾಂಟೊ, ವ್ಯಾಂಕೂವರ್ ಎಂಬ ಎರಡು ದುಬಾರಿ ಊರುಗಳ ವ್ಯಾಪಾರ ಏರಿಳಿದರೆ ಸಾಕು, ಇಡೀ ದೇಶದ ಸರಾಸರಿ ಅಲುಗಾಡುತ್ತದೆ. ಅಂಕಿ ಕೊಡುವ ಅಲ್ಲಿನ ಮನೆ ದಲ್ಲಾಳಿಗಳ ಸಂಘವೇ ಹಾಗೆ ಹೇಳುತ್ತದೆ.

ಈ ತೊಡಕು ಬಿಡಿಸಲೆಂದೇ ಅಮೆರಿಕದ ಅರ್ಥಶಾಸ್ತ್ರಜ್ಞರಾದ ಕಾರ್ಲ್ ಕೇಸ್ ಮತ್ತು ರಾಬರ್ಟ್ ಶಿಲ್ಲರ್ 1980ರ ದಶಕದಲ್ಲಿ ಒಂದೇ ಮನೆಯ ಹಳೆಯ ಮತ್ತು ಹೊಸ ಮಾರಾಟದ ಬೆಲೆಗಳನ್ನು ಜೋಡಿಸಿ ನೋಡುವ ಸೂಚ್ಯಂಕ ಕಟ್ಟಿದರು. 2006ರಿಂದ 2012ರೊಳಗೆ ಅಮೆರಿಕದ ಮನೆಗಳ ಬೆಲೆ ಕಾಲು ಭಾಗಕ್ಕಿಂತ ಜಾಸ್ತಿ ಕುಸಿಯಿತು ಅನ್ನುವುದು ಅವರ ಹೆಸರಿನ ಸೂಚ್ಯಂಕದ ಲೆಕ್ಕವೇ. ಸರಾಸರಿಗಿಂತ ಇದು ಎಷ್ಟೋ ವಾಸಿ. ಹಾಗಂತ ಇದನ್ನೂ ಕಣ್ಣುಮುಚ್ಚಿ ನಂಬಬೇಡಿ. ಹೊಸ ಮನೆಗೆ ಇದರಲ್ಲಿ ಜಾಗವಿಲ್ಲ, ಅದು ಮಾರಿರುವುದು ಒಂದೇ ಸಲ ತಾನೇ.

ಇನ್ನು ಸುದ್ದಿಯಲ್ಲಿ ಬರುವ ಮತ್ತೊಂದು ಅಂಕಿ, ದೇಶದ ಎಲ್ಲ ಮನೆಗಳ ಒಟ್ಟು ಮೌಲ್ಯ. ಹೊಸ ಮನೆ ಕಟ್ಟಿದ ಹಾಗೆಲ್ಲ ಅದು ಬೆಳೆಯುತ್ತದೆ, ಬೆಲೆ ಇದ್ದಲ್ಲೇ ಇದ್ದರೂ. ಮಾರಿದ ಕೆಲವು ಮನೆಗಳ ದರವನ್ನು ಮಾರದೇ ಇರುವ ಲಕ್ಷಾಂತರ ಮನೆಗಳಿಗೂ ಹಚ್ಚಿ ಮಾಡಿದ ಅಂದಾಜು ಅದು. ಎಲ್ಲರೂ ಒಂದೇ ದಿನ ಮಾರಲು ಹೊರಟರೆ ಆ ದುಡ್ಡು ಹುಟ್ಟುವುದಿಲ್ಲ.

ಒಮ್ಮೆ ಅಕ್ಕ, ತಮ್ಮ ಇಬ್ಬರೂ ಬಂದಿದ್ದರು. ತಾಯಿಯ ಮನೆ ತಮ್ಮನಿಗೆ, ಅರ್ಧ ಬೆಲೆ ಅಕ್ಕನಿಗೆ ಅಂತ ಮಾತಾಗಿತ್ತು. ಮನೆ ನೋಡಲು ಹೋದಾಗ ಅಕ್ಕ ಪರ್ಸಿನಿಂದ ಪೇಪರ್ ತುಂಡು ತೆಗೆದರು. ಕೆಂಪು ಪೆನ್ನಿನಲ್ಲಿ ಎರಡು ಸಲ ಸುತ್ತು ಹಾಕಿದ್ದರು: ಬೆಲೆ ಏರಿದೆ. ತಮ್ಮನೂ ಸುಮ್ನೆ ಬಂದಿರಲಿಲ್ಲ. ಜೇಬಿನಿಂದ ಅವನದೂ ಒಂದು ತುಂಡು ಬಂತು: ಬೆಲೆ ಇಳಿದಿದೆ. ಓದಿ ನೋಡಿದೆ. ಎರಡೂ ಒಂದೇ ವರದಿಯವು. ಅಕ್ಕನದು ಹೋದ ವರ್ಷಕ್ಕೆ ಹೋಲಿಸಿದ್ದು, ತಮ್ಮನದು ಹೋದ ತಿಂಗಳಿಗೆ.

‘ನಿಮ್ಮ ಅಂಕಿ ಯಾವುದಕ್ಕೆ ಸರಿ ಸಾರ್?’ ಅಂದ ತಮ್ಮ.

ನಾನು ಬಚ್ಚಲಿನ ಗೋಡೆಗೆ ಕೈ ಇಟ್ಟೆ. ತೇವ ಸೊಂಟದೆತ್ತರಕ್ಕೆ ಏರಿತ್ತು, ಗಾರೆ ಬೆರಳಿಗೇ ಉದುರಿತು. ‘ಅಕ್ಕಪಕ್ಕ ಇಂಥ ಮನೆ ಈಚೆಗೆ ಯಾವುದಾದರೂ ಮಾರಿದೆಯಾ?’ ಅಂತ ಕೇಳಿದೆ. ಇಬ್ಬರೂ ಮುಖ ಮುಖ ನೋಡಿಕೊಂಡರು. ‘ಹಿಂದಿನ ಬೀದೀಲಿ ಒಂದು ಹೋಯ್ತಲ್ಲಾ’ ಅಂದರು ಅಕ್ಕ, ಚಪ್ಪಲಿ ಹಾಕಿಕೊಳ್ಳುತ್ತಾ.