ಹದಿನೆಂಟು ಅಂಗುಲದ ಟೋಪಿ: ಕರಡಿ ತೊಗಲಿನ ತಂಟೆ ಎಲ್ಲಿಂದ ಶುರುವಾಯಿತು?

2022ರಲ್ಲಿ ಒಂದು ಟೋಪಿಗೆ 1,560 ಪೌಂಡ್ ಬಿದ್ದಿತ್ತು. ಮರುವರ್ಷ ಅದೇ ಟೋಪಿಗೆ 2,040 ಪೌಂಡ್. ಲಂಡನ್ನಿನ ಬಕಿಂಗ್‌ಹ್ಯಾಮ್ ಅರಮನೆಯ ಮುಂದೆ ಕೆಂಪು ಅಂಗಿ ತೊಟ್ಟು ನಿಲ್ಲುವ ಕಾವಲು ಸೈನಿಕರ ತಲೆಯ ಮೇಲಿನ, ಕರಡಿ ತೊಗಲಿನ ಕಪ್ಪು ಟೋಪಿಯ ಲೆಕ್ಕ ಇದು. ಮಾಹಿತಿ ಹಕ್ಕಿನ ಅರ್ಜಿಯಿಂದ ಈ ಅಂಕಿ ಹೊರಬಂದ ಮೇಲೆ, ಟೋಪಿಗೆ ನಿಜವಾದ ತೊಗಲೇ ಬೇಕೇ, ಕೃತಕ ತುಪ್ಪಳ ಸಾಲದೇ ಎಂಬ ಹಳೆಯ ಜಗಳ ಮತ್ತೆ ಎದ್ದಿತು. ಒಂದು ಕಡೆಯವರು ದುಡ್ಡಿನ ಮಾತಾಡುತ್ತಾರೆ, ಇನ್ನೊಂದು ಕಡೆಯವರು ಮಳೆ ನೀರಿನ ಮಾತಾಡುತ್ತಾರೆ, ಮೂರನೆಯವರು ತೊಗಲು ಬರುವ ಕೆನಡಾದ ಕಾಡಿನ ಮಾತಾಡುತ್ತಾರೆ. ಒಬ್ಬರ ಮಾತು ಇನ್ನೊಬ್ಬರಿಗೆ ಉತ್ತರವೇ ಅಲ್ಲದ ಹಾಗೆ ಚರ್ಚೆ ಸಾಗಿದೆ. ಹಾಗಾಗಿ ಮೊದಲು ತೊಗಲಿನಿಂದಲೇ ಶುರುಮಾಡಬೇಕು.

ಕರಡಿಯ ಮೈಮೇಲೆ ಎರಡು ಪದರ ಕೂದಲಿದೆ. ಒಳಗೆ ಒತ್ತಾದ, ಮೆತ್ತನೆಯ ತುಪ್ಪಳ. ಅದು ಗಾಳಿಯನ್ನು ಹಿಡಿದಿಟ್ಟು ಮೈ ಬೆಚ್ಚಗಿಡುತ್ತದೆ. ಅದರ ಮೇಲೆ ಉದ್ದನೆಯ, ಬಿರುಸಾದ ಹೊರಗೂದಲು. ಅದು ನೀರನ್ನು ಒಳಗೆ ಬಿಡದೆ ತುದಿಯಿಂದ ತೊಟ್ಟಿಕ್ಕಿಸುತ್ತದೆ. ಕರಡಿ ತೊಗಲಿಗೆ ಸಾವಿರಾರು ವರ್ಷಗಳಿಂದ ಇರುವ ಬೆಲೆ ಈ ಎರಡು ಪದರಗಳದ್ದು. ಗುಹೆಯ ಹಾಸಿಗೆಯಿಂದ ಹಿಡಿದು, 1670ರಲ್ಲಿ ಶುರುವಾದ ಹಡ್ಸನ್ಸ್ ಬೇ ಕಂಪನಿ ಲಂಡನ್ನಿನಲ್ಲಿ ಹರಾಜಿಗಿಟ್ಟ ತೊಗಲುಗಳವರೆಗೆ, ಅಲ್ಲಿಂದ ಹಿಮದ ಬಂಡಿಯಲ್ಲಿ ಕಾಲಿನ ಮೇಲೆ ಹೊದೆಯುವ ಕಂಬಳಿ, ಹೆಂಗಸರು ಕೈ ಬೆಚ್ಚಗಿಡಲು ಬಳಸುವ ಚೀಲ, ಬೆಂಕಿಗೂಡಿನ ಮುಂದೆ ಬಾಯಿ ತೆರೆದು ಬಿದ್ದಿರುವ ನೆಲಹಾಸಿನವರೆಗೆ ಎಲ್ಲ ಅದೇ ಗುಣದ ಬೇರೆ ಬೇರೆ ಉಪಯೋಗ.

ಈ ತೊಗಲು ನಿಜವಾಗಿ ಅನಿವಾರ್ಯವಾಗಿದ್ದ ಜಾಗಗಳೂ ಇವೆ. ಗ್ರೀನ್‌ಲ್ಯಾಂಡಿನ ವಾಯವ್ಯದ ಕಾನಾಕ್ ಸುತ್ತಿನ ಇನುಗ್ವಿಟ್ ಬೇಟೆಗಾರರು ಹಿಮಕರಡಿಯ ತೊಗಲಿನ ಷರಾಯಿ ತೊಡುತ್ತಾರೆ. ಗಂಟೆಗಟ್ಟಲೆ ಮಂಜುಗಡ್ಡೆಯ ಮೇಲೆ ಕೂರುವವರಿಗೆ ಅದಕ್ಕಿಂತ ಬೆಚ್ಚನೆಯದು ಸಿಗುವುದು ಕಷ್ಟ. ಅಂಟಿದ ಮಂಜನ್ನು ಕೊಡವಿದರೆ ಉದುರುತ್ತದೆ. ಆರ್ಕ್ಟಿಕ್ ಪ್ರದೇಶದಲ್ಲಿ ಜಾರುಬಂಡಿಯ ಅಡಿಪಟ್ಟಿಗೆ ನೀರು ಸವರಿ ತೆಳುವಾದ ಗಾಜಿನಂಥ ಪದರ ಕಟ್ಟಿಸಲು ಹಿಮಕರಡಿ ತೊಗಲಿನ ಒಂದು ತುಂಡನ್ನೇ ಬಳಸುತ್ತಿದ್ದರು. ಹಿಮಕರಡಿ ವಾಸಿಸುವ ಐದು ದೇಶಗಳು 1973ರಲ್ಲಿ ಓಸ್ಲೋದಲ್ಲಿ ಸಂರಕ್ಷಣಾ ಒಪ್ಪಂದಕ್ಕೆ ಸಹಿ ಹಾಕಿದಾಗಲೂ ಸ್ಥಳೀಯರ ಸಾಂಪ್ರದಾಯಿಕ ಬೇಟೆಗೆ ಜಾಗ ಉಳಿಸಿದ್ದು ಇದೇ ಕಾರಣಕ್ಕೆ. ಚಳಿಯಲ್ಲಿ ಜೀವ ಉಳಿಸುವ ಷರಾಯಿಯನ್ನೂ ಮೆರವಣಿಗೆಯ ಟೋಪಿಯನ್ನೂ ಒಂದೇ ತಕ್ಕಡಿಯಲ್ಲಿ ತೂಗುವುದು ನ್ಯಾಯವಲ್ಲ.

ನಮ್ಮ ಕಡೆಯ ಕರಡಿಯ ವಿಷಯ ಬೇರೆ. ದರೋಜಿಯ ಬಂಡೆಗಳ ನಡುವೆ ಕಾಣುವ ನಮ್ಮ ಕರಡಿಗೆ ಉದ್ದನೆಯ ಕೆದರುಕೂದಲಿದೆ, ಒಳತುಪ್ಪಳ ಇಲ್ಲವೆನ್ನುವಷ್ಟು ಕಡಿಮೆ. ಬಿಸಿಲ ನಾಡಿನ ಪ್ರಾಣಿಗೆ ಅದು ಬೇಕಿಲ್ಲ. ಉಡುಪಿನ ವ್ಯಾಪಾರಕ್ಕೆ ಅಂಥ ತೊಗಲು ಒಗ್ಗುವುದಿಲ್ಲ. ನಮ್ಮಲ್ಲಿ ಅದರ ಬಳಕೆ ಇದ್ದದ್ದು ಎರಡು ರೀತಿ: ಕರಡಿ ಆಡಿಸುವವರು ಮಕ್ಕಳ ಹೆದರಿಕೆ ಹೋಗಲೆಂದು ಕಟ್ಟಿಕೊಡುತ್ತಿದ್ದ ಕೂದಲಿನ ತಾಯತ, ಮತ್ತು ಶಿಕಾರಿಯ ಕಾಲದ ಬಂಗಲೆಗಳ ನೆಲಹಾಸು. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಮೊದಲ ಅನುಸೂಚಿಯಲ್ಲಿ ಕರಡಿ ಇದೆ. ಅಜ್ಜನ ಕಾಲದ ತೊಗಲು ಮನೆಯಲ್ಲಿದ್ದರೂ ಮಾಲೀಕತ್ವದ ಪ್ರಮಾಣಪತ್ರ ಬೇಕು; ಪತ್ರ ಇದ್ದರೂ ಮಾರುವ ಹಾಗಿಲ್ಲ, ಉಡುಗೊರೆ ಕೊಡುವ ಹಾಗಿಲ್ಲ, ವಾರಸುದಾರರಿಗೆ ಹೋಗಬಹುದು ಅಷ್ಟೇ. 2023ರ ಹುಲಿ ಉಗುರಿನ ಗದ್ದಲದ ನಂತರ ಅನೇಕರು ಗೋಡೆ ಮೇಲಿನ ಕೊಂಬು, ತೊಗಲುಗಳ ಕಾಗದಪತ್ರ ಹುಡುಕಿದ್ದು ಇದಕ್ಕೇ.

ಇನ್ನು ಟೋಪಿಗೆ ಬರೋಣ. 17ನೇ ಶತಮಾನದ ಯುರೋಪಿನ ಸೇನೆಗಳಲ್ಲಿ ಕೈಬಾಂಬು ಎಸೆಯಲು ಎತ್ತರದ, ಗಟ್ಟಿಮುಟ್ಟಾದ ಆಳುಗಳನ್ನು ಆರಿಸುತ್ತಿದ್ದರು, ಅವರೇ ಗ್ರೆನೇಡಿಯರುಗಳು. ಅಗಲ ಅಂಚಿನ ಟೋಪಿ ಹಾಕಿಕೊಂಡರೆ ಬಂದೂಕನ್ನು ಬೆನ್ನಿಗೆ ಏರಿಸುವಾಗ ತೊಡಕು. ಅದಕ್ಕೆ ಅಂಚಿಲ್ಲದ ಎತ್ತರದ ಟೋಪಿ ಬಂತು: ಮೊದಲು ಬಟ್ಟೆಯದು, ಆಮೇಲೆ ತುಪ್ಪಳದ್ದು. ಆಳು ಇನ್ನೂ ಎತ್ತರ ಕಂಡು ಎದುರಾಳಿ ಬೆದರಲಿ ಎಂಬುದು ಅದರಿಂದಾದ ಲಾಭ. ಬ್ರಿಟನ್ನಿನಲ್ಲಿ 1768ರ ರಾಜಾಜ್ಞೆ ಗ್ರೆನೇಡಿಯರುಗಳಿಗೆ ಕಪ್ಪು ಕರಡಿ ತೊಗಲಿನ ಟೋಪಿಯನ್ನು ಗೊತ್ತುಮಾಡಿತು. ಮೇಲೆ ಚಾಚುವ ಕೂದಲು ಬಿಟ್ಟು ಎತ್ತರ 12 ಅಂಗುಲ, ಮುಂದೆ ಲೋಹದ ತಗಡು ಎಂದು ಅಳತೆಯನ್ನೂ ಬರೆದಿತ್ತು.

1815ರ ಜೂನ್ 18ರಂದು ವಾಟರ್ಲೂನಲ್ಲಿ ನೆಪೋಲಿಯನ್ನನ ಇಂಪೀರಿಯಲ್ ಗಾರ್ಡ್ ಪಡೆಯನ್ನು ಹಿಮ್ಮೆಟ್ಟಿಸಿದ ಗೌರವಕ್ಕೆ ಮೊದಲನೆಯ ಫುಟ್ ಗಾರ್ಡ್ಸ್ ಎಂಬ ಬ್ರಿಟಿಷ್ ಕಾಲಾಳು ದಳಕ್ಕೆ ‘ಗ್ರೆನೇಡಿಯರ್ ಗಾರ್ಡ್ಸ್’ ಎಂಬ ಹೆಸರು ಸಿಕ್ಕಿತು. ಹೆಸರಿನ ಜೊತೆ ದಳದ ಎಲ್ಲರಿಗೂ ಕರಡಿ ಟೋಪಿ ಬಂತು. ಈ ಟೋಪಿಯೇ ಅಂದು ಫ್ರೆಂಚರಿಂದ ಬಂದದ್ದು ಎಂಬ ಮಾತು ಪ್ರವಾಸಿಗರ ಕಿವಿಗೆ ಈಗಲೂ ಬೀಳುತ್ತದೆ. ಬ್ರಿಟಿಷ್ ಗ್ರೆನೇಡಿಯರುಗಳ ತಲೆಯ ಮೇಲೆ ಅದು ಆಗಲೇ ಅರ್ಧ ಶತಮಾನದಿಂದ ಇತ್ತು. 1831ರಲ್ಲಿ ಕೋಲ್ಡ್‌ಸ್ಟ್ರೀಮ್ ಮತ್ತು ಸ್ಕಾಟ್ಸ್ ದಳಗಳಿಗೂ ಅದು ವಿಸ್ತರಿಸಿತು. 1900ರಲ್ಲಿ ಐರಿಷ್, 1915ರಲ್ಲಿ ವೆಲ್ಶ್ ದಳ ಹುಟ್ಟಿ ಒಟ್ಟು ಐದಾದವು. ಟೋಪಿಯ ಪಕ್ಕದ ತುರಾಯಿ ನೋಡಿ ದಳ ಹೇಳಬಹುದು: ಎಡಕ್ಕೆ ಬಿಳಿ ಇದ್ದರೆ ಗ್ರೆನೇಡಿಯರ್, ಬಲಕ್ಕೆ ಕೆಂಪು ಇದ್ದರೆ ಕೋಲ್ಡ್‌ಸ್ಟ್ರೀಮ್, ಬಲಕ್ಕೆ ನೀಲಿ ಇದ್ದರೆ ಐರಿಷ್, ಎಡಕ್ಕೆ ಬಿಳಿ-ಹಸಿರು-ಬಿಳಿ ಇದ್ದರೆ ವೆಲ್ಶ್, ಸ್ಕಾಟ್ಸ್ ದಳಕ್ಕೆ ತುರಾಯಿಯೇ ಇಲ್ಲ. ಡೆನ್ಮಾರ್ಕಿನ ಅರಮನೆ ಕಾವಲಿನವರೂ ಕೆನಡಾದ ಫುಟ್ ಗಾರ್ಡ್ಸ್ ದಳದವರೂ ಇಂಥದ್ದೇ ಟೋಪಿ ತೊಡುತ್ತಾರೆ. 1854ರಲ್ಲಿ ಕ್ರಿಮಿಯಾದ ಆಲ್ಮಾ ಕಾಳಗಕ್ಕೆ ಗಾರ್ಡ್ಸ್ ಇದೇ ಟೋಪಿಯಲ್ಲಿ ಹೋದರು. ದೂರಕ್ಕೆ ಗುಂಡು ಹಾರಿಸುವ ಬಂದೂಕುಗಳು ಬಂದ ಮೇಲೆ ಎತ್ತರ ಕಾಣುವುದು ಲಾಭದ ಬದಲು ಅಪಾಯವಾಯಿತು, ಟೋಪಿ ಮೆರವಣಿಗೆಗೆ ಉಳಿಯಿತು.

ಇಂದಿನ ಟೋಪಿ ಸುಮಾರು 18 ಅಂಗುಲ ಎತ್ತರ, ತೂಕ 700 ಗ್ರಾಮಿನ ಹತ್ತಿರ. ಒಂದು ಟೋಪಿಗೆ ಒಂದು ತೊಗಲು ಎಂಬುದು ಸಾಮಾನ್ಯ ಲೆಕ್ಕ. ಉತ್ತರ ಅಮೆರಿಕದ ಕಪ್ಪು ಕರಡಿಯ ಅಷ್ಟು ದೊಡ್ಡ ತೊಗಲಿನಲ್ಲಿ ಒಂದೇ ಟೋಪಿ ಏಕೆಂದರೆ ಎಲ್ಲ ಭಾಗವೂ ಒಂದೇ ಸಮ ಇರುವುದಿಲ್ಲ. ಬೆನ್ನು ಮತ್ತು ಪಕ್ಕೆಯಲ್ಲಿ ಕೂದಲು ಒತ್ತು, ಹೊಟ್ಟೆ ಮತ್ತು ಕಂಕುಳಲ್ಲಿ ತೆಳು. ಹೊರಗೂದಲಿನ ಉದ್ದ, ಬಣ್ಣ, ಬಾಗು ಎಲ್ಲ ಹೊಂದುವ ಜಾಗ ಆರಿಸಿ ಕತ್ತರಿಸಬೇಕು.

ತೊಗಲು ಕೆಡುವುದು ಹೆಚ್ಚಾಗಿ ಮೊದಲ ದಿನವೇ. ಕರಡಿಯ ಚರ್ಮದಡಿ ದಪ್ಪ ಕೊಬ್ಬಿದೆ, ಅದು ಬಿಸಿಯನ್ನು ಹಿಡಿದಿಡುತ್ತದೆ. ಪ್ರಾಣಿ ಸತ್ತು ಗಂಟೆಗಳು ಕಳೆದರೆ ಕೂದಲ ಬುಡದಲ್ಲಿ ಬ್ಯಾಕ್ಟೀರಿಯಾ ಬೆಳೆದು, ಹದ ಮಾಡುವಾಗ ಕೂದಲು ಹಿಡಿಹಿಡಿಯಾಗಿ ಕೈಗೆ ಬರುತ್ತದೆ. ಆದ್ದರಿಂದ ಬೇಗ ಸುಲಿದು, ಮರದ ದಿಮ್ಮಿಯ ಮೇಲೆ ಹಾಕಿ ಒಳಮೈಯ ಮಾಂಸ-ಕೊಬ್ಬನ್ನು ಪೂರ್ತಿ ಹೆರೆಯಬೇಕು. ತೊಗಲಿನ ತೂಕದಷ್ಟೇ ತೂಕದ ಅಯೋಡಿನ್ ಇಲ್ಲದ ಪುಡಿ ಉಪ್ಪನ್ನು ಅಂಚು, ಕಿವಿ, ತುಟಿಯ ಮಡಿಕೆಗಳಿಗೂ ಬಿಡದೆ ಉಜ್ಜಿ, ಇಳಿಜಾರಾಗಿ ಇಟ್ಟು ನೀರು ಬಸಿಯಬೇಕು. ಮರುದಿನ ನೆಂದ ಉಪ್ಪು ಕೊಡವಿ ಮತ್ತೊಮ್ಮೆ ಹೊಸ ಉಪ್ಪು. ಕೊಬ್ಬು ಉಳಿದರೆ ಕೆಲವು ತಿಂಗಳಲ್ಲಿ ಅದು ಹಳಸಿ ಚರ್ಮವನ್ನು ಒಳಗಿನಿಂದಲೇ ಸುಡುತ್ತದೆ. ಅಂಥ ತೊಗಲು ಹೊರಗೆ ಚೆನ್ನಾಗಿ ಕಂಡರೂ ಹೊಲಿಯುವಾಗ ಕಾಗದದಂತೆ ಹರಿಯುತ್ತದೆ.

ಆಮೇಲೆ ಆಮ್ಲದ ನೀರಿನಲ್ಲಿ ನೆನೆಸುವುದು, ಒಳಮೈಯನ್ನು ತೆಳುವಾಗಿ ಕೆತ್ತುವುದು, ಹದದ ದ್ರಾವಣ, ಎಣ್ಣೆ, ಮರದ ಹೊಟ್ಟಿನ ಜೊತೆ ಪೀಪಾಯಿಯಲ್ಲಿ ಉರುಳಿಸುವುದು. ಕೆತ್ತುವಾಗ ಕೈ ಜಾರಿ ಹೆಚ್ಚು ಆಳಕ್ಕೆ ಹೋದರೆ ಕೂದಲ ಬೇರು ಕತ್ತರಿಸಿ ಹೊರಗಡೆ ಬೋಳು ಮಚ್ಚೆ ಮೂಡುತ್ತದೆ. ಟೋಪಿಯ ತುಂಡುಗಳನ್ನು ಕತ್ತರಿಯಿಂದ ಕತ್ತರಿಸುವುದಿಲ್ಲ. ಒಳಮೈಯ ಕಡೆಯಿಂದ ಹರಿತ ಅಲಗಿನಲ್ಲಿ ಚರ್ಮವನ್ನಷ್ಟೇ ಸೀಳುತ್ತಾರೆ, ಆಗ ಕೂದಲು ತುಂಡಾಗದೆ ಹೊಲಿಗೆಯನ್ನು ಮುಚ್ಚುತ್ತದೆ. ಸೂಜಿಯ ತುದಿ ಮೂರು ಮೂಲೆಯದು. ಹೊಲಿದ ತೊಗಲನ್ನು ಒದ್ದೆ ಮಾಡಿ ಹಿಗ್ಗಿಸಿ, ಬೆತ್ತದಿಂದ ಬುಟ್ಟಿಯಂತೆ ಹೆಣೆದ ಹಂದರದ ಮೇಲೆ ಎಳೆದು ಒಣಗಲು ಬಿಟ್ಟರೆ ಆಕಾರ ಕೂರುತ್ತದೆ. ಒಳಗೆ ತಲೆಯ ಅಳತೆಗೆ ಹೊಂದಿಸುವ ಪಟ್ಟಿ, ಹೊರಗೆ ಕೆಳತುಟಿಯ ಕೆಳಗೆ ಬರುವ ಸರಪಳಿ. ಹಂದರ ಟೊಳ್ಳಾಗಿರುವುದರಿಂದಲೇ ಅಷ್ಟು ಎತ್ತರದ ಟೋಪಿ ತಲೆಗೆ ತಡೆಯುವಷ್ಟು ಹಗುರ. ಆದರೂ ಬೇಸಿಗೆಯಲ್ಲಿ ಕಷ್ಟವೇ: 2023ರ ಜೂನ್‌ನಲ್ಲಿ ಲಂಡನ್ನಿನಲ್ಲಿ ತಾಲೀಮಿನ ದಿನ ಬಿಸಿಲು 30 ಡಿಗ್ರಿ ಮುಟ್ಟಿತ್ತು, ಉಣ್ಣೆಯ ಅಂಗಿ ಮತ್ತು ಈ ಟೋಪಿ ತೊಟ್ಟ ಕೆಲವು ಸೈನಿಕರು ಸಾಲಿನಲ್ಲೇ ಕುಸಿದರು.

ಚೆನ್ನಾಗಿ ನೋಡಿಕೊಂಡರೆ ಟೋಪಿ ದಶಕಗಟ್ಟಲೆ ಬಾಳುತ್ತದೆ, ಒಬ್ಬ ಸೈನಿಕನಿಂದ ಇನ್ನೊಬ್ಬನಿಗೆ ಹೋಗುತ್ತದೆ. ಕೆಡುವುದು ನೆನೆದ ಟೋಪಿಯನ್ನು ಹೀಟರ್ ಪಕ್ಕ ಇಟ್ಟಾಗ: ಚರ್ಮ ಕುಗ್ಗಿ ಬಿರುಸಾಗುತ್ತದೆ, ಹೊಲಿಗೆ ಬಿಡುತ್ತದೆ, ಕೂದಲು ಉದುರಲು ಶುರುವಾಗುತ್ತದೆ. ನೀರು ಕೊಡವಿ, ಗಾಳಿಯಾಡುವ ಕಡೆ ತಾನಾಗಿ ಒಣಗಲು ಬಿಟ್ಟು, ಆಮೇಲೆ ಕೂದಲು ಬಿದ್ದ ದಿಕ್ಕಿಗೇ ಬಾಚಬೇಕು.

ಕೃತಕ ತುಪ್ಪಳದ ಪ್ರಯತ್ನ ಈಚಿನದಲ್ಲ. ಹಿಂದಿನ ಪ್ರಯೋಗಗಳಲ್ಲಿ ಎರಡು ತೊಂದರೆ ಎದ್ದು ಕಂಡವು. ಒಣ ಗಾಳಿಗೆ ನೂಲಿನಲ್ಲಿ ಸ್ಥಿರ ವಿದ್ಯುತ್ ಸೇರಿ ಕೂದಲು ನೆಟ್ಟಗೆ ನಿಲ್ಲುತ್ತಿತ್ತು. ಮಳೆ ಬಂದರೆ ಜೊಂಪೆಜೊಂಪೆಯಾಗಿ ಜೋತುಬೀಳುತ್ತಿತ್ತು. ಕಾರಣ ರಚನೆಯಲ್ಲಿದೆ. ಕರಡಿಯ ಕೂದಲು ಬುಡದಿಂದ ತುದಿಗೆ ಸಣ್ಣದಾಗುತ್ತಾ ಹೋಗುತ್ತದೆ, ಅಡಿಯಲ್ಲಿ ಒಳತುಪ್ಪಳದ ಆಸರೆಯಿದೆ. ಅಕ್ರಿಲಿಕ್ ನೂಲಿನ ಎಳೆ ಉದ್ದಕ್ಕೂ ಒಂದೇ ದಪ್ಪ, ಮತ್ತು ಅದು ನಿಂತಿರುವುದು ಹೆಣೆದ ಬಟ್ಟೆಯ ಮೇಲೆ. ಚರ್ಮ ತಡೆಯುವ ನೀರನ್ನು ಹೆಣೆದ ಬಟ್ಟೆ ತಡೆಯುವುದಿಲ್ಲ. ಒಳಗೆ ನೀರು ನಿಲ್ಲಿಸುವ ಪದರ ಕೊಟ್ಟರೆ ಬೆವರೂ ಒಳಗೇ ನಿಲ್ಲುತ್ತದೆ.

ಈಚಿನ ಸುತ್ತಿನಲ್ಲಿ ಪ್ರಾಣಿಗಳ ಹಕ್ಕಿಗಾಗಿ ಹೋರಾಡುವ ಪೇಟಾ ಸಂಘಟನೆ ಮತ್ತು ಇಕೋಪೆಲ್ ಎಂಬ ಕೃತಕ ತುಪ್ಪಳದ ಕಂಪನಿ ಸೇರಿ ಹೊಸ ಬಟ್ಟೆ ತಯಾರಿಸಿದವು. 2030ರವರೆಗೆ ಬೇಕಾದಷ್ಟು ಬಟ್ಟೆ ಪುಕ್ಕಟೆ ಕೊಡುತ್ತೇವೆ ಎಂದಿತು ಕಂಪನಿ. ರಕ್ಷಣಾ ಸಚಿವಾಲಯದ ಅಳತೆಗೋಲು ಐದು: ನೀರು ಹೀರುವಿಕೆ, ನೀರು ಒಳನುಗ್ಗುವಿಕೆ, ನೋಟ, ಒಣಗುವ ವೇಗ, ಒತ್ತಿದ ಮೇಲೆ ಮತ್ತೆ ಏಳುವ ಗುಣ. ಐದರಲ್ಲಿ ಒಂದರಲ್ಲಷ್ಟೇ ಬಟ್ಟೆ ಪಾಸಾಯಿತು ಎಂದು ಸಚಿವಾಲಯ. ತಮ್ಮ ಪರೀಕ್ಷೆಯಲ್ಲಿ ಅದು ನಿಜವಾದ ತೊಗಲಿಗೆ ಸಮ, ಕೆಲವೆಡೆ ಮೇಲು ಎಂದು ಸಂಘಟನೆ. ಒಂದು ಲಕ್ಷಕ್ಕೂ ಹೆಚ್ಚು ಜನ ಸಹಿ ಹಾಕಿದ ಮನವಿಯ ಮೇಲೆ 2022ರ ಜುಲೈ 11ರಂದು ಸಂಸತ್ತಿನಲ್ಲಿ ಚರ್ಚೆಯೂ ನಡೆಯಿತು. ಎರಡೂ ಕಡೆಯವರು ಒಪ್ಪುವ ಮೂರನೆಯ ಪ್ರಯೋಗಾಲಯದಲ್ಲಿ, ಒಂದೇ ದಿನ, ಹಂದರದ ಮೇಲೆ ಏರಿಸಿದ ಎರಡು ಟೋಪಿಗಳನ್ನು ಪಕ್ಕಪಕ್ಕ ಇಟ್ಟು ಅಳೆದರೆ ಜಗಳದ ಅರ್ಧ ಭಾಗ ಇಳಿಯುತ್ತದೆ. ಉಳಿದ ಅರ್ಧ ‘ನೋಟ’ ಎಂಬ ಅಳತೆಯದು. ಯುದ್ಧಕ್ಕೆ ಹೋಗದ, ಎರಡು ಗಂಟೆ ಪಹರೆ ನಿಲ್ಲುವ ಟೋಪಿಗೆ ಮುಖ್ಯವಾದ ಗುಣವೇ ನೋಟ. ಅದನ್ನು ಅಳೆಯುವ ಯಂತ್ರವಿಲ್ಲ, ನೋಡುವ ಕಣ್ಣು ಯಾರದ್ದು ಎಂಬುದರ ಮೇಲೆ ಫಲಿತಾಂಶ ನಿಲ್ಲುತ್ತದೆ.

ಕೆನಡಾದ ಕಡೆಯ ಲೆಕ್ಕವೂ ನೇರವಾಗಿಲ್ಲ. ಅಲ್ಲಿ ಕಪ್ಪು ಕರಡಿ ಅಳಿವಿನಂಚಿನ ಪ್ರಾಣಿಯಲ್ಲ. ವನ್ಯಜೀವಿ ವ್ಯಾಪಾರದ ಸೈಟಿಸ್ ಒಪ್ಪಂದದ ಎರಡನೆಯ ಪಟ್ಟಿಯಲ್ಲಿ ಅದು ಇರುವುದು ಮುಖ್ಯವಾಗಿ, ನೋಡಲು ಹೋಲುವ ಇತರ ಕರಡಿಗಳ ಅಂಗಾಂಗ ಅದರ ಹೆಸರಲ್ಲಿ ಸಾಗಬಾರದೆಂದು. ಬೇಟೆಗೆ ಪ್ರಾಂತ್ಯಗಳು ಪರವಾನಗಿ ಕೊಡುತ್ತವೆ, ತೊಗಲು ಹರಾಜಿಗೆ ಬರುತ್ತದೆ. ‘ನಮಗಾಗಿ ಒಂದು ಕರಡಿಯನ್ನೂ ಕೊಲ್ಲಿಸಿಲ್ಲ, ಹೇಗೂ ಸತ್ತದ್ದರ ತೊಗಲು ಕೊಳ್ಳುತ್ತೇವೆ’ ಎಂಬ ಸಚಿವಾಲಯದ ಕಡೆಯ ವಾದ ಇದರಿಂದ ಬಂದದ್ದು. ಆದರೆ ಹರಾಜಿನಲ್ಲಿ ಖಾಯಂ ಗಿರಾಕಿ ಇರುವುದೂ ಬೆಲೆಯನ್ನು ಎತ್ತಿ ಹಿಡಿಯುವ ಒಂದು ಕೈಯೇ. ಒಂಟಾರಿಯೋ ಪ್ರಾಂತ್ಯ ವಸಂತದ ಬೇಟೆಯನ್ನು 1999ರಲ್ಲಿ ನಿಲ್ಲಿಸಿ, 2014ರಲ್ಲಿ ಪ್ರಾಯೋಗಿಕವಾಗಿ ಮರಳಿ ತಂದು, 2021ರಲ್ಲಿ ಕಾಯಂ ಮಾಡಿತು. ಮರಿಯಿರುವ ತಾಯಿಯನ್ನು ಹೊಡೆಯುವ ಹಾಗಿಲ್ಲ ಎಂಬ ನಿಯಮವಿದೆ. ಮರಿಗಳನ್ನು ಮರದ ಮೇಲೆ ಬಿಟ್ಟು ತಾನೊಬ್ಬಳೇ ಆಮಿಷದ ಹತ್ತಿರ ಬರುವ ತಾಯಿಯನ್ನು ಗುರುತಿಸುವುದು ಬೇಟೆಗಾರನ ಕಣ್ಣಿಗೆ ಬಿಟ್ಟದ್ದು. ತೊಗಲಿನ ದೃಷ್ಟಿಯಿಂದಲೂ ವಸಂತ ಜೂಜಿನ ಕಾಲ: ಗವಿಯಿಂದ ಎದ್ದ ಹೊಸತರಲ್ಲಿ ಕೂದಲು ತುಂಬಾ ಚೆನ್ನ, ಕೆಲವು ವಾರ ಕಳೆದರೆ ಕರಡಿ ಮರಕ್ಕೆ ಮೈ ಉಜ್ಜಿ ಬೆನ್ನ ಮೇಲೆ ಸವೆದ ತೇಪೆಗಳು. ಅಂಥ ತೊಗಲು ಟೋಪಿಗೆ ಬರುವುದಿಲ್ಲ.

ಇಂಗ್ಲೆಂಡ್ ಮತ್ತು ವೇಲ್ಸ್‌ನಲ್ಲಿ ತುಪ್ಪಳಕ್ಕಾಗಿ ಪ್ರಾಣಿ ಸಾಕುವುದನ್ನು 2000ದ ಕಾಯ್ದೆಯೇ ನಿಷೇಧಿಸಿದೆ, ಆಮದಿಗೆ ಆ ನಿಷೇಧ ತಗಲುವುದಿಲ್ಲ. ಅರಮನೆಯಲ್ಲೇ ರಾಣಿ ಕ್ಯಾಮಿಲಾ ಹೊಸ ತುಪ್ಪಳದ ಉಡುಪು ಕೊಳ್ಳುವುದಿಲ್ಲ ಎಂದು 2024ರಲ್ಲಿ ತಿಳಿಸಿದರು. ಹಳೆಯದನ್ನು ಎಸೆಯಬೇಕು ಎಂದು ಅದರಲ್ಲಿ ಇರಲಿಲ್ಲ. ಟೋಪಿಗೂ ಆ ದಾರಿ ಉಂಟು, ಕಸುಬಿನವರಿಗೆ ಅದು ಗೊತ್ತೂ ಉಂಟು: ಮುಂಭಾಗ ಸವೆದ ಟೋಪಿಯ ತೊಗಲನ್ನು ಬಿಚ್ಚಿ, ಬೆನ್ನಿನ ಕಡೆಯ ಒಳ್ಳೆಯ ಭಾಗವನ್ನು ಇನ್ನೊಂದರ ಬೋಳು ಜಾಗಕ್ಕೆ ಕೂದಲ ದಿಕ್ಕು ನೋಡಿ ಕೂರಿಸಿ ಹೊಲಿದರೆ, ಎರಡು ಹಳೆಯ ಟೋಪಿಯಿಂದ ಇನ್ನಷ್ಟು ವರ್ಷ ಬಾಳುವ ಒಂದು ಟೋಪಿ ಎದ್ದು ಬರುತ್ತದೆ.