ಮುನ್ನೂರು ಮೀಟರ್ ಸರಿದ ಪಬ್

ಮ್ಯಾಂಚೆಸ್ಟರ್ ಕೆಥೆಡ್ರಲ್ ಪಕ್ಕದಲ್ಲಿರುವ ಓಲ್ಡ್ ವೆಲ್ಲಿಂಗ್ಟನ್ ಪಬ್ಬನ್ನು ಕಟ್ಟಿದ್ದು 1552ರಲ್ಲಿ. ಮದ್ಯದ ಪರವಾನಗಿ ಸಿಕ್ಕಿದ್ದು 1830ರಲ್ಲಿ. ಕಪ್ಪು ಮರ, ಬಿಳಿ ಗೋಡೆಯ ಈ ಕಟ್ಟಡ ಮೊದಲಿನಿಂದಲೂ ಅಲ್ಲೇ ಇತ್ತೆಂದು ಯಾರಿಗಾದರೂ ಅನ್ನಿಸೀತು. ಆದರೆ ಅದು ಆ ಜಾಗಕ್ಕೆ ಬಂದು ಮೂರು ದಶಕವೂ ಆಗಿಲ್ಲ.

1970ರ ದಶಕದಲ್ಲಿ ಸುತ್ತಲಿನ ಮಾರುಕಟ್ಟೆಯನ್ನು ಹೊಸದಾಗಿ ಕಟ್ಟುವಾಗ ನೆಲಮಟ್ಟ ಏರಿತು. ಕಟ್ಟಡದ ಅಡಿಗೆ ಕಾಂಕ್ರೀಟ್ ಹಾಸು ಕೊಟ್ಟು ಸುಮಾರು 1.4 ಮೀಟರ್ ಮೇಲೆತ್ತಿದರು. 1996ರ ಜೂನ್ 15ರಂದು ಐರಿಶ್ ಸಶಸ್ತ್ರ ಸಂಘಟನೆಯಾದ ಐಆರ್‌ಎ ಇಟ್ಟ ಬಾಂಬ್ ಸಿಡಿದು ಪಬ್ಬಿಗೂ ಪೆಟ್ಟಾಯಿತು. ನಗರಕೇಂದ್ರವನ್ನು ಮತ್ತೆ ಕಟ್ಟುವಾಗ ಅದನ್ನು ಬಿಚ್ಚಿ, ಸುಮಾರು 300 ಮೀಟರ್ ಆಚೆ ಜೋಡಿಸಿ, 1999ರಲ್ಲಿ ಬಾಗಿಲು ತೆರೆದರು.

ಇಟ್ಟಿಗೆ ಮನೆಯನ್ನು ಹೀಗೆ ಬಿಚ್ಚಲು ಹೋದರೆ ಉಳಿಯುವುದು ರಾಶಿ. ಇಲ್ಲಿ ಭಾರ ಹೊರುವುದು ಓಕ್ ಮರದ ಚೌಕಟ್ಟು. ಇಂಥ ಮನೆಗಳಲ್ಲಿ ಗೋಡೆ ಎಂದರೆ ಕಂಬಗಳ ನಡುವಿನ ಭರ್ತಿ ಮಾತ್ರ: ಹೆಣೆದ ಕಡ್ಡಿಗೆ ಮೆತ್ತಿದ ಮಣ್ಣು, ಸಗಣಿ, ಒಣಹುಲ್ಲು. ನಮ್ಮ ತಡಿಕೆ ಗೋಡೆ ನೋಡಿದವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ.

ಜಾಣತನವೆಲ್ಲ ಕೀಲಿನಲ್ಲಿದೆ. ತೊಲೆಯ ತುದಿಯನ್ನು ನಾಲಿಗೆಯಂತೆ ಕೆತ್ತಿ ಕಂಬದ ಗೂಡಿಗೆ ತೂರಿಸಿ, ಅಡ್ಡಲಾಗಿ ಮರದ ಗೂಟ ಹೊಡೆಯುತ್ತಾರೆ. ನಾಲಿಗೆಯ ತೂತನ್ನು ಕಂಬದ ತೂತಿಗೆ ನೇರವಾಗಿ ಕೊರೆಯುವುದಿಲ್ಲ. ಎರಡು ಮೂರು ಮಿಲಿಮೀಟರ್ ತೊಲೆಯ ಕಡೆಗೆ ಸರಿಸುತ್ತಾರೆ. ಗೂಟ ಒಳಹೋಗುತ್ತ ತುಸು ಬಾಗಿ, ತೊಲೆಯನ್ನು ಕಂಬದತ್ತ ಎಳೆದು ಬಿಗಿಯುತ್ತದೆ. ಗೂಟ ಮಾಡಲು ಒಣಮರವನ್ನು ಎಳೆಯ ಜಾಡಿನಲ್ಲೇ ಸೀಳಬೇಕು. ಗರಗಸದಲ್ಲಿ ಕೊಯ್ದರೆ ಎಳೆ ತುಂಡಾಗಿ, ಬಾಗಿದ ಕಡೆಯೇ ಮುರಿಯುತ್ತದೆ.

ಚೌಕಟ್ಟಿಗೆ ಮಾತ್ರ ಹಸಿ ಓಕ್. ಹಸಿಯಾಗಿದ್ದಾಗ ಕೆತ್ತುವುದು ಸುಲಭ, ಒಣಗಿದರೆ ಉಳಿ ಮೊಂಡಾಗುತ್ತದೆ. ಒಣಗುವಾಗ ಓಕ್ ಉದ್ದದಲ್ಲಿ ಹೆಚ್ಚುಕಡಿಮೆ ಕುಗ್ಗುವುದೇ ಇಲ್ಲ, ಅಡ್ಡಕ್ಕೆ ಶೇ. 4ರಿಂದ 8ರಷ್ಟು, ಅಂದರೆ 200 ಮಿಲಿಮೀಟರ್ ತೊಲೆಯಲ್ಲಿ 8ರಿಂದ 16 ಮಿಲಿಮೀಟರ್ ಕುಗ್ಗುತ್ತದೆ. ಹಳೆಯ ಪಬ್ಬುಗಳ ಸೊಟ್ಟ ಬಾಗಿಲಿಗೆ ಇದೂ ಒಂದು ಕಾರಣ. ಕುಡಿದವರ ಕಣ್ಣಿನದೇ ತಪ್ಪಲ್ಲ!

ಬಿಚ್ಚುವ ಮೊದಲು ಪ್ರತಿ ಮರಕ್ಕೂ ಸಂಖ್ಯೆ ಬೇಕು. ಹಿಂದಿನ ಬಡಗಿಗಳೂ ಕೀಲುಗಳ ಮೇಲೆ ರೋಮನ್ ಅಂಕಿ ಕೆತ್ತುತ್ತಿದ್ದರು; ನೇರ ಗೆರೆಗಳಾದ್ದರಿಂದ ಉಳಿಗೆ ಅವು ಸಲೀಸು. ಬಾಗಿ ಕುಳಿತ ಹಳೇ ಗೂಟ ಸುತ್ತಿಗೆಗೆ ಜಗ್ಗದಿದ್ದರೆ ಕೊರೆದೇ ತೆಗೆಯಬೇಕು. ಮರುಜೋಡಣೆಯಲ್ಲಿ ಎಡವುವುದು ತೇಪೆ ಹಾಕುವಾಗ: ಶತಮಾನಗಳಿಂದ ಒಣಗಿದ ಮರಕ್ಕೆ ಹಸಿ ತುಂಡು ಕೂರಿಸಿದರೆ, ಅದು ಕುಗ್ಗಿ ಸಂದು ಬಿಡುತ್ತದೆ. ಸಿಮೆಂಟ್ ಮೆತ್ತಿದರೆ ಇನ್ನೂ ಕೆಡುಕು. ಬಿರುಕಿನಲ್ಲಿ ಇಳಿದ ಮಳೆನೀರು ಹೊರಬರಲಾಗದೆ ಬುಡದ ತೊಲೆ ಕೊಳೆಯುತ್ತದೆ. ಸುಣ್ಣದ ಗಾರೆಯಾದರೆ ತೇವ ಆರಿಹೋಗುತ್ತದೆ.

ವೆಲ್ಲಿಂಗ್ಟನ್ ಜೊತೆ ಪಕ್ಕದ ಸಿಂಕ್ಲೇರ್ಸ್ ಆಯ್ಸ್ಟರ್ ಬಾರ್ ಕೂಡ ಸರಿಯಿತು. ಮೊದಲು ಒಂದೇ ಸಾಲಿನಲ್ಲಿದ್ದ ಇವೆರಡೂ ಈಗ ಲಂಬಕೋನದಲ್ಲಿ ನಿಂತಿವೆ. ನಡುವಿನ ಅಂಗಳದಲ್ಲಿ ಬಿಯರ್ ಕುಡಿಯುವವರ ಬೆಂಚುಗಳಿವೆ.