ನಗುವವರಿಲ್ಲದ ರಂಗ: ಮೊದಲ ವಾಕ್ಚಿತ್ರಗಳಲ್ಲಿ ವಿನೋದ ನಾಟಕ

ವಿನೋದ ನಾಟಕವನ್ನು ಪುಸ್ತಕದಲ್ಲಿ ಓದುವಾಗ ಕಾಣಿಸದ, ಆದರೆ ರಂಗದ ಮೇಲೆ ಪ್ರತಿ ರಾತ್ರಿಯೂ ತಪ್ಪದೆ ಹಾಜರಿರುವ ಪಾತ್ರವೊಂದಿದೆ, ಅದು ಪ್ರೇಕ್ಷಕವರ್ಗ. ನಟನು ಸ್ವಗತವನ್ನು ಹೇಳುವುದು ಅದರ ಕಿವಿಗೆ, ಚಾಟಿಮಾತಿನ ನಂತರ ಅರೆಗಳಿಗೆ ತಡೆಯುವುದು ಅದರ ನಗೆಗೆ. ಕಂಪನಿ ನಾಟಕದ ನೆನಪಿರುವವರಿಗೆ ಇದನ್ನು ವಿವರಿಸಬೇಕಾಗಿಲ್ಲ. ‘ವನ್ಸ್ ಮೋರ್’ ಎಂಬ ಕೂಗು ಎದ್ದರೆ ಅಲ್ಲಿ ಕಥೆಯೇ ನಿಂತುಬಿಡುತ್ತಿತ್ತು. 1927ರ ಅಕ್ಟೋಬರಿನಲ್ಲಿ ಮಾತು ಕೇಳಿಸುವ ‘ದ ಜಾಝ್ ಸಿಂಗರ್’ ಚಿತ್ರ ತೆರೆಕಂಡ ಮೇಲೆ ಅಮೆರಿಕದ ಚಿತ್ರೋದ್ಯಮಕ್ಕೆ ಇದ್ದಕ್ಕಿದ್ದಂತೆ ಮಾತು ಬೇಕಾಯಿತು, ಮಾತು ಸಿದ್ಧವಾಗಿ ಸಿಗುತ್ತಿದ್ದುದು ನಾಟಕಗಳಲ್ಲಿ. ಆದರೆ ನಾಟಕದ ಮಾತನ್ನು ತರುವುದು ಸುಲಭ, ಅದಕ್ಕೆ ನಗುವವರನ್ನು ತರುವುದು ಹೇಗೆ? ಈ ಒಂದು ಪ್ರಶ್ನೆಯನ್ನು ಹಿಡಿದು ಕೆಲವು ಚಿತ್ರಗಳನ್ನು ನೋಡೋಣ. (ಗುಬ್ಬಿ ಕಂಪನಿಯ ‘ಸದಾರಮೆ’ 1935ರಲ್ಲಿ ಚಲನಚಿತ್ರವಾದಾಗ ಕನ್ನಡದಲ್ಲಿಯೂ ಇದೇ ಪ್ರಶ್ನೆ ಎದ್ದಿರಬೇಕು, ಅದು ಬೇರೆಯದೇ ಟಿಪ್ಪಣಿಗೆ ತಕ್ಕ ವಿಷಯ.)

1929ರ ‘ದ ಟೇಮಿಂಗ್ ಆಫ್ ದ ಶ್ರೂ’ ಷೇಕ್ಸ್‌ಪಿಯರನ ನಾಟಕವೊಂದರ ಮೊದಲ ಪೂರ್ಣಾವಧಿ ವಾಕ್ಚಿತ್ರ. ಪರ್ವತವಾಣಿಯವರ ‘ಬಹದ್ದೂರ್ ಗಂಡ’ದ ಮೂಲಕ ಈ ಕಥೆ ನಮ್ಮ ಓದುಗರಲ್ಲಿ ಅನೇಕರಿಗೆ ಪರಿಚಿತವೇ. ಸ್ಯಾಮ್ ಟೇಲರ್ ನಿರ್ದೇಶನದ ಈ ಚಿತ್ರದಲ್ಲಿ ನಿಜಜೀವನದಲ್ಲಿಯೂ ದಂಪತಿಗಳಾಗಿದ್ದ ಮೇರಿ ಪಿಕ್‌ಫರ್ಡ್ ಮತ್ತು ಡಗ್ಲಾಸ್ ಫೇರ್‌ಬ್ಯಾಂಕ್ಸ್ ಗಯ್ಯಾಳಿ ಕ್ಯಾಥರೀನ್ ಹಾಗೂ ಅವಳನ್ನು ಪಳಗಿಸಹೊರಟ ಗಂಡ ಪೆಟ್ರೂಚಿಯೋ ಆಗಿದ್ದಾರೆ. ಚಿತ್ರದ ಅವಧಿ ಒಂದು ಗಂಟೆಗಿಂತ ತುಸುವೇ ಹೆಚ್ಚು, ಅಂದರೆ ನಾಟಕದ ಬಹುಪಾಲು ಮಾತುಗಳು ಕತ್ತರಿಗೆ ಬಲಿಯಾಗಿವೆ. ಕುಡುಕ ಸ್ಲೈನ ಪೀಠಿಕಾ ಪ್ರಸಂಗವಂತೂ ಪೂರ್ತಿಯಾಗಿ ಹೋಗಿದೆ. ಕತ್ತರಿಸಿದ್ದಕ್ಕಿಂತ ಉಳಿಸಿಕೊಂಡದ್ದನ್ನು ಹೇಗೆ ಉಳಿಸಿಕೊಂಡರು ಎಂಬುದು ನಮಗೆ ಮುಖ್ಯ. ಹೆಂಡತಿಯನ್ನು ಊಟ-ನಿದ್ರೆಗಳಿಲ್ಲದಂತೆ ಮಾಡಿ ಪಳಗಿಸುವ ತನ್ನ ಹೂಟವನ್ನು ಪೆಟ್ರೂಚಿಯೋ ನಾಟಕದಲ್ಲಿ ನೇರವಾಗಿ ಪ್ರೇಕ್ಷಕರಿಗೆ ಹೇಳುತ್ತಾನೆ. ಚಿತ್ರದಲ್ಲಿ ಅವನು ಅದನ್ನು ತನ್ನ ನಾಯಿಗೆ ಹೇಳುತ್ತಾನೆ. ಟ್ರಾಯ್ಲಸ್ ಎಂಬ ಆ ನಾಯಿಯ ಹೆಸರು ಷೇಕ್ಸ್‌ಪಿಯರನ ಪಠ್ಯದಲ್ಲಿಯೇ ಒಂದು ಕಡೆ ಬಂದುಹೋಗುತ್ತದೆ. ಚಿತ್ರ ಅದನ್ನು ಕರೆತಂದು ಪ್ರೇಕ್ಷಕರ ಜಾಗದಲ್ಲಿ ಕೂರಿಸಿತು. ಅಷ್ಟೇ ಆಗಿದ್ದರೆ ಇದೊಂದು ಜಾಣತನದ ಉಪಾಯವೆಂದು ಬಿಡಬಹುದಿತ್ತು. ಆದರೆ ಆ ಮಾತುಗಳನ್ನು ಮೇಲಿನಿಂದ ಕ್ಯಾಥರೀನ್ ಕೇಳಿಸಿಕೊಳ್ಳುತ್ತಾಳೆ! ಪ್ರೇಕ್ಷಕರಿಗಷ್ಟೇ ಗೊತ್ತಿದ್ದ ಗುಟ್ಟು ಹೆಂಡತಿಗೂ ಗೊತ್ತಾದ ಕ್ಷಣದಿಂದ ಪಳಗಿಸುವವರು ಯಾರು, ಪಳಗುವವರು ಯಾರು ಎಂಬುದೇ ತಲೆಕೆಳಗಾಗುತ್ತದೆ. ಕೊನೆಯಲ್ಲಿ ಗಂಡನಿಗೆ ತಗ್ಗಿ ನಡೆಯಬೇಕೆಂಬ ಪ್ರಸಿದ್ಧ ಭಾಷಣವನ್ನು ಒಪ್ಪಿಸುತ್ತಲೇ ಅವಳು ತಂಗಿ ಬಿಯಾಂಕಳ ಕಡೆಗೆ ಕಣ್ಣು ಮಿಟುಕಿಸುತ್ತಾಳೆ. ಮೂಕಿ ಚಿತ್ರಗಳಲ್ಲಿ ಪಳಗಿದ ನಟಿಯೊಬ್ಬಳು ವಾಕ್ಚಿತ್ರದ ಆ ಭಾಷಣವನ್ನು ಒಂದು ರೆಪ್ಪೆಯಿಂದ ಸುಳ್ಳಾಗಿಸಿದಳು ಎಂಬುದೇ ಈ ಚಿತ್ರದ ಸ್ವಾರಸ್ಯವೆಂದು ನನ್ನ ಅಭಿಪ್ರಾಯ.

ಅದೇ ವರ್ಷದ ‘ದ ಕೋಕೋನಟ್ಸ್’ನಲ್ಲಿ ಇಂಥ ಉಪಾಯವೇನೂ ಇಲ್ಲ. ಜಾರ್ಜ್ ಎಸ್. ಕಾಫ್‌ಮನ್ ಬರೆದು, ಅರ್ವಿಂಗ್ ಬರ್ಲಿನ್ ಹಾಡು ಹೊಸೆದ ಈ ನಾಟಕವನ್ನು ಹಾಸ್ಯನಟರಾದ ಮಾರ್ಕ್ಸ್ ಸಹೋದರರು 1925ರಿಂದ ಆಡಿ ಆಡಿ ಹದಗೊಳಿಸಿದ್ದರು. ಅವರು ಹಗಲು ನ್ಯೂಯಾರ್ಕಿನ ಅಸ್ಟೋರಿಯಾ ಸ್ಟುಡಿಯೋದಲ್ಲಿ ಇದರ ಚಿತ್ರೀಕರಣಕ್ಕೆ ಹೋಗಿ, ರಾತ್ರಿ ಅಲ್ಲಿಯ ರಂಗಮಂದಿರಗಳ ಬೀದಿಯಾದ ಬ್ರಾಡ್‌ವೇಯಲ್ಲಿ ತಮ್ಮ ಮುಂದಿನ ನಾಟಕವನ್ನು ಆಡುತ್ತಿದ್ದರು. ರಾತ್ರಿಯ ಸಭಾಂಗಣ ನಗುತ್ತಿತ್ತು, ಹಗಲಿನ ಸ್ಟುಡಿಯೋ ಉಸಿರು ಬಿಗಿಹಿಡಿದಿರುತ್ತಿತ್ತು. ಕ್ಯಾಮೆರಾದ ಸದ್ದು ಕೇಳಿಸದಿರಲೆಂದು ಅದನ್ನು ಮುಚ್ಚಿದ ಗೂಡಿನೊಳಗಿಟ್ಟಿದ್ದರು. ಕಾಗದದ ಸರಪರ ಸದ್ದು ಮೈಕಿಗೆ ಬೀಳಬಾರದೆಂದು ದೃಶ್ಯದಲ್ಲಿ ಬಳಸುವ ಕಾಗದಗಳನ್ನು ನೀರಿನಲ್ಲಿ ನೆನೆಸಿಡುತ್ತಿದ್ದರು. ನಕಾಶೆಯನ್ನು ಬಿಡಿಸಿಟ್ಟುಕೊಂಡು ಸಹೋದರರಲ್ಲಿ ಇಬ್ಬರಾದ ಗ್ರೌಚೋ ಮತ್ತು ಚಿಕೋ ಮಾತಿಗೆ ಮಾತು ಜೋಡಿಸುವ ದೃಶ್ಯವನ್ನು ನೋಡುವಾಗ ಆ ಒದ್ದೆ ಕಾಗದವನ್ನು ಮರೆಯಬೇಡಿ. ನಗುವಿಗೆ ಎಷ್ಟು ಹೊತ್ತು ಬಿಡಬೇಕೆಂಬುದು ಕೊಠಡಿಯಲ್ಲಿ ಕುಳಿತು ಊಹಿಸುವ ಸಂಗತಿಯಲ್ಲ ಎಂಬ ಪಾಠವನ್ನು ಉದ್ಯಮ ನಿಧಾನವಾಗಿ ಕಲಿಯಿತು. 1935ರ ‘ಎ ನೈಟ್ ಅಟ್ ದ ಆಪೆರಾ’ ಚಿತ್ರಕ್ಕೆ ಮೊದಲು ನಿರ್ಮಾಪಕ ಅರ್ವಿಂಗ್ ಥಾಲ್‌ಬರ್ಗ್ ಅದರ ಹಾಸ್ಯ ದೃಶ್ಯಗಳನ್ನು ಊರೂರಿನ ರಂಗಮಂದಿರಗಳಲ್ಲಿ ಆಡಿಸಿ, ನಗೆಯನ್ನು ಅಳೆಸಿ, ಅನಂತರವೇ ಚಿತ್ರೀಕರಿಸಿದನು.

ನಗೆಗಾಗಿ ಕಾಯುವುದನ್ನೇ ಕೈಬಿಡುವುದು ಇನ್ನೊಂದು ದಾರಿ. ಬೆನ್ ಹೆಕ್ಟ್ ಮತ್ತು ಚಾರ್ಲ್ಸ್ ಮ್ಯಾಕ್‌ಆರ್ಥರ್ ಅವರ ‘ದ ಫ್ರಂಟ್ ಪೇಜ್’ (ನಾಟಕ 1928, ಲೂಯಿಸ್ ಮೈಲ್‌ಸ್ಟೋನ್ ನಿರ್ದೇಶನದ ಚಿತ್ರ 1931) ಷಿಕಾಗೋದ ಕ್ರಿಮಿನಲ್ ನ್ಯಾಯಾಲಯದ ವರದಿಗಾರರ ಕೊಠಡಿಯಲ್ಲಿ ನಡೆಯುತ್ತದೆ. ಅಲ್ಲಿ ಎಲ್ಲರೂ ಅವಸರದವರು, ಆದ್ದರಿಂದ ಮಾತಿನ ವೇಗಕ್ಕೆ ಕಥೆಯಲ್ಲಿಯೇ ಕಾರಣವಿದೆ. ನಾಟಕದ ಕೊನೆಯ ಮಾತಿನಲ್ಲಿದ್ದ ಬೈಗುಳವನ್ನು ಚಿತ್ರದಲ್ಲಿ ಟೈಪ್‌ರೈಟರಿನ ಸದ್ದು ನುಂಗಿಹಾಕುವುದನ್ನು ಗಮನಿಸಬೇಕು. ಎರಡು ವರ್ಷಗಳ ಹಿಂದೆ ಶತ್ರುವಾಗಿದ್ದ ಸದ್ದು ಇಲ್ಲಿ ಸ್ವತಃ ಹಾಸ್ಯಗಾರನಾಗಿದೆ.

ಇನ್ನು ‘ಪಿಗ್ಮೇಲಿಯನ್’. ಬರ್ನಾರ್ಡ್ ಷಾ ಅವರ ಈ ನಾಟಕ 1914ರಲ್ಲಿ ಲಂಡನ್ನಿನಲ್ಲಿ ಪ್ರದರ್ಶನಗೊಂಡಾಗ ಹೂ ಮಾರುವ ಎಲೈಝಾ ಚಹಾಕೂಟದಲ್ಲಿ ‘ಬ್ಲಡಿ’ ಎಂಬ ಬೈಗುಳವನ್ನು ಆಡಿಬಿಟ್ಟದ್ದಕ್ಕೆ ಸಭಾಂಗಣ ಒಂದು ನಿಮಿಷಕ್ಕೂ ಹೆಚ್ಚು ಹೊತ್ತು ನಕ್ಕಿತೆಂದು ಹೇಳುತ್ತಾರೆ. ಷಾ ಅವರಿಗೆ ಇಂಥ ನಗೆಯೆಂದರೆ ಕಿರಿಕಿರಿ. ಹೆಚ್ಚುಕಡಿಮೆ ಅದೇ ಕಾಲದಲ್ಲಿ ಅವರು ತಮ್ಮ ಇನ್ನೊಂದು ನಾಟಕದ ಪ್ರೇಕ್ಷಕರಿಗೆ, ನಿಮ್ಮ ಗಟ್ಟಿ ನಗೆಯಿಂದ ಪ್ರದರ್ಶನ ಲಂಬಿಸುತ್ತದೆ, ದಯವಿಟ್ಟು ತಡೆದುಕೊಳ್ಳಿ ಎಂಬ ಅರ್ಥದ ಮನವಿಯನ್ನು ಅಚ್ಚುಹಾಕಿಸಿ ಹಂಚಿಸಿದ್ದರು. ಆಂಥೊನಿ ಆಸ್ಕ್ವಿತ್ ಮತ್ತು ಲೆಸ್ಲಿ ಹೋವರ್ಡ್ ನಿರ್ದೇಶಿಸಿದ 1938ರ ಚಿತ್ರದಲ್ಲಿ ಅವರ ಇಷ್ಟಾರ್ಥ ನೆರವೇರಿದಂತಾಯಿತು. ಅದರ ಸಂಕಲನಕಾರ ಮುಂದೆ ದೊಡ್ಡ ನಿರ್ದೇಶಕನಾದ ಡೇವಿಡ್ ಲೀನ್. ಎಲೈಝಾ (ವೆಂಡಿ ಹಿಲ್ಲರ್) ಕಲಿತ ಉಚ್ಚಾರಣೆಯಲ್ಲಿ ಕಲಿಯದ ಸಂಗತಿಗಳನ್ನು ಹೇಳುತ್ತಾ ಹೋದಂತೆ ಕ್ಯಾಮೆರಾ ಅತಿಥಿಗಳ ಮುಖಗಳ ಮೇಲೆ ನೆಲೆಸುತ್ತದೆ. ಸಭಾಂಗಣ ನಗುತ್ತಿದ್ದ ಬಿಡುವಿನಲ್ಲಿ ಈಗ ಅವರ ಗಲಿಬಿಲಿ ತುಂಬಿಕೊಂಡಿದೆ, ಹೀಗಾಗಿ ಯಾರೂ ನಗದಿದ್ದರೂ ದೃಶ್ಯ ಬರಿದೆನಿಸುವುದಿಲ್ಲ.

ಆದರೆ ಪ್ರೇಕ್ಷಕರ ನಗೆಯನ್ನು ಹೊರಗಿಟ್ಟ ಚಿತ್ರ ಅವರ ಆಸೆಯನ್ನು ಹೊರಗಿಡಲಿಲ್ಲ. ಎಲೈಝಾ ಮತ್ತು ಅವಳಿಗೆ ಉಚ್ಚಾರಣೆ ಕಲಿಸಿದ ಪ್ರಾಧ್ಯಾಪಕ ಹಿಗಿನ್ಸ್ ಒಂದಾಗಬಾರದೆಂಬುದು ಷಾ ಅವರ ಹಟ. 1914ರಲ್ಲಿ ಹಿಗಿನ್ಸ್ ಪಾತ್ರ ಮಾಡಿದ ಹರ್ಬರ್ಟ್ ಬೀರ್‌ಬೋಮ್ ಟ್ರೀ ತೆರೆ ಬೀಳುವ ಮುನ್ನ ಎಲೈಝಾಳ ಕಡೆಗೆ ಹೂವನ್ನು ಎಸೆದು ಜನರನ್ನು ಸಂತೋಷಪಡಿಸಿದ್ದರು. ನಟ ಬದಲಾದರೆ ಹೂವೂ ಹೋಗುತ್ತದೆಂಬ ಸಮಾಧಾನ ಆಗಲಾದರೂ ಇತ್ತು. ಚಿತ್ರದ ಕೊನೆಯಲ್ಲಿ ಎಲೈಝಾ ಹಿಂತಿರುಗಿ ಬರುತ್ತಾಳೆ, ಹಿಗಿನ್ಸ್ ಮುಖ ತಿರುಗಿಸದೆ ತನ್ನ ಚಪ್ಪಲಿ ಎಲ್ಲಿ ಎಂದು ಕೇಳುತ್ತಾನೆ, ಮತ್ತು ಆ ಮುಕ್ತಾಯ ಎಂದೆಂದಿಗೂ ಹಾಗೆಯೇ ಉಳಿದುಬಿಟ್ಟಿತು. ಷಾ ಅವರಿಗೆ ಆ ಚಿತ್ರಕಥೆಗಾಗಿ ಆಸ್ಕರ್ ಪ್ರಶಸ್ತಿಯ ಪಾಲೂ ಸಿಕ್ಕಿತು. ಚಿತ್ರಕ್ಕೆಂದು ಬರೆದ ದೃಶ್ಯಗಳನ್ನು ಸೇರಿಸಿ 1941ರಲ್ಲಿ ನಾಟಕವನ್ನು ಮತ್ತೆ ಅಚ್ಚುಹಾಕಿಸುವಾಗ ಅವರು ಮುಕ್ತಾಯವನ್ನು ತಿದ್ದಿದರು: ಎಲೈಝಾ ಮದುವೆಯಾಗುವುದು ಅವಳನ್ನು ಮೆಚ್ಚಿದ ಯುವಕ ಫ್ರೆಡ್ಡಿಯನ್ನು ಎಂದು ಹೇಳಿ ಹಿಗಿನ್ಸ್ ಗಹಗಹಿಸಿ ನಗುತ್ತಿರುವಾಗಲೇ ಆ ಪಠ್ಯ ಮುಗಿಯುತ್ತದೆ.